ಪೇರಲ ಗಿಡದ ಬುಡದ ಬಟ್ಟಲು

ಧಾರವಾಡ
ಫೆಬ್ರವರಿ ಮೂವತ್ತು, ೨೧೮೯

ಈ ಮನೆಯಲ್ಲಿ ನಮಗಿಂತ ಒಂದೂವರೆ ಶತಮಾನ ಮೊದಲು ಬೆಕ್ಕು ಸಾಕಿಕೊಂಡಿದ್ದವರಿಗೆ ನಮಸ್ಕಾರ.

ಫೆಬ್ರವರಿಗೆ ಮೂವತ್ತನೆಯ ತಾರೀಖು ಎಲ್ಲಿಂದ ಬಂತೆಂದು ನೀವು ಕೇಳಬಹುದು. ತಿಂಗಳುಗಳಿಗೆ ದಿನಗಳನ್ನು ಹೊಸದಾಗಿ ಹಂಚಿದಾಗ ಅದರ ಪಾಲಿಗೂ ಎರಡು ದಿನ ಹೆಚ್ಚು ಬಂದವು. ಇಂಥ ಇನ್ನೂ ಕೆಲವು ವಿಚಿತ್ರ ಮಾತುಗಳು ಈ ಪತ್ರದಲ್ಲಿವೆ, ಕ್ಷಮಿಸಿ. ಅಟ್ಟದ ಮೇಲೆ ಸಿಕ್ಕ ಒಂದು ಫೋಟೋದಲ್ಲಿ ನೀವು ಇದೇ ಹಿತ್ತಲಲ್ಲಿ ಕುಳಿತಿದ್ದೀರಿ, ಮಡಿಲಲ್ಲಿ ಕಂದು ಬೆಕ್ಕಿದೆ. ಈ ಮಾತನ್ನು ಹೇಳಿಕೊಳ್ಳಲು ಇವತ್ತು ನನಗೆ ಬೇರೆ ಯಾರೂ ತೋಚಲಿಲ್ಲ.

ನಮ್ಮ ಕಾಲದಲ್ಲಿ ಹಿತ್ತಲು ಹಗಲಿಗೆ ಮಾತ್ರ ನಮ್ಮದು. ಸೂರ್ಯ ಇಳಿಯುತ್ತಿದ್ದಂತೆ ಓಣಿಯಲ್ಲಿ ಗಂಟೆ ಬಾರಿಸುತ್ತಾರೆ. ಅದಕ್ಕೆ ‘ಬಿಟ್ಟುಕೊಡುವ ಗಂಟೆ’ ಎನ್ನುತ್ತೇವೆ. ಆಮೇಲೆ ಅಲ್ಲಿ ಮುಂಗುಸಿ, ಪುನುಗು, ಗೂಬೆ, ನರಿಗಳು ಓಡಾಡುತ್ತವೆ. ಬೆಕ್ಕುಗಳಂತೂ ಹಗಲೂ ರಾತ್ರಿಯೂ ‘ಜಾಲಿಪಡಸಾಲೆ’ಯಲ್ಲೇ ಇರಬೇಕು. ಮನೆಗೆ ಅಂಟಿಕೊಂಡು ಸುತ್ತಲೂ, ಮೇಲೂ ತಂತಿಬಲೆ ಹೊದಿಸಿದ ಜಾಗ ಅದು. ಬಿಸಿಲು ಬರುತ್ತದೆ, ಗಾಳಿ ಬರುತ್ತದೆ, ಹಕ್ಕಿಗಳೂ ಕಾಣುತ್ತವೆ, ಕೈಗೆ ಮಾತ್ರ ಸಿಗುವುದಿಲ್ಲ. ಮನುಷ್ಯರಿಗೂ ಪ್ರಾಣಿಗಳಿಗೂ ತಂಟೆ ಬಂದರೆ ಓಣಿಯ ಐವರು ‘ಹಿತ್ತಲ ಪಂಚರು’ ಬಗೆಹರಿಸುತ್ತಾರೆ. ನಿಯಮ ಮುರಿದವರ ಬೆಕ್ಕನ್ನು ಅವರು ಒಯ್ಯಲೂಬಹುದು.

ನನ್ನ ಬೆಕ್ಕಿನ ಹೆಸರು ಬೂದಿ. ನಾನು ಮತ್ತು ನನ್ನ ತಾಯಿಯ ತಂಗಿ ಶಿವಗಂಗವ್ವ, ಅಂದರೆ ನನ್ನ ಚಿಗವ್ವ, ಇಬ್ಬರೇ ಅವನನ್ನು ಸಾಕಿಕೊಂಡಿದ್ದೇವೆ. ಈ ಚಳಿಗಾಲದಲ್ಲಿ ಅವನು ಬಲೆಗೆ ಮುಖ ಒತ್ತಿ ದಿನವಿಡೀ ಅಳತೊಡಗಿದ. ನನಗೆ ಕೇಳಲಾಗಲಿಲ್ಲ. ಕದದ ಚಿಲಕ ಸಡಿಲ ಬಿಟ್ಟೆ. ದೂರ ಹೋಗದಿರಲೆಂದು ಪೇರಲ ಗಿಡದ ಬುಡದಲ್ಲಿ ಬಟ್ಟಲಿಗೆ ಮೀನಿನ ತಲೆ ಹಾಕಿಡುತ್ತಿದ್ದೆ. ಒಂದು ತಿಂಗಳು ಹೀಗೇ ನಡೆಯಿತು. ಅವನ ಈ ವರ್ಷದ ಚುಚ್ಚುಮದ್ದನ್ನೂ ನಾಳೆ ನಾಳೆ ಎಂದು ಮುಂದೂಡಿದ್ದೆ.

ಇಪ್ಪತ್ತೊಂದನೆಯ ತಾರೀಖು ಗಂಟೆ ಬಾರಿಸುವ ಮೊದಲೇ, ಇನ್ನೂ ಬೆಳಕಿರುವಾಗ, ಬಟ್ಟಲಿಗೆ ನರಿ ಬಂತು. ಬೂದಿ ಓಡಲಿಲ್ಲ, ಮೈ ಉಬ್ಬಿಸಿ ನಿಂತ. ನಾನು ಕೂಗುವಷ್ಟರಲ್ಲಿ ಚಿಗವ್ವ ಕಸಬರಿಗೆ ಹಿಡಿದು ಓಡಿ, ಬಗ್ಗಿ, ಬೂದಿಯನ್ನು ಎತ್ತಿಕೊಂಡಿದ್ದಳು. ನರಿ ಪರಾರಿಯಾಯಿತು. ಚಿಗವ್ವನ ಮುಂಗೈಯಿಂದ ರಕ್ತ ಇಳಿಯುತ್ತಿತ್ತು. ಕಚ್ಚಿದ್ದು ಬೂದಿಯೋ ನರಿಯೋ ಅವಳಿಗೂ ತಿಳಿಯಲಿಲ್ಲ. ನಲ್ಲಿಯ ಕೆಳಗೆ ಹದಿನೈದು ನಿಮಿಷ ಸೋಪು ಹಚ್ಚಿ ತೊಳೆದೆ, ಆಸ್ಪತ್ರೆಗೆ ಕರೆದೊಯ್ದೆ. ಚುಚ್ಚುಮದ್ದು ಅಂದೇ ಶುರುವಾಯಿತು. ಬೂದಿಯನ್ನು ಬೇರೆ ಕೋಣೆಯಲ್ಲಿಟ್ಟು, ಹುಚ್ಚಿನ ಲಕ್ಷಣ ಕಾಣುತ್ತದೆಯೇ ಎಂದು ಹತ್ತು ದಿನ ನೋಡಿ ಎಂದರು.

ಮರಳಿ ಬಂದವಳೇ ನಾನು ಮಾಡಿದ ಮೊದಲ ಕೆಲಸ, ಬಟ್ಟಲು ತೊಳೆದು ಒಳಗಿಟ್ಟದ್ದು.

ಬೆಳಗಾಗುವಷ್ಟರಲ್ಲಿ ಓಣಿಯೆಲ್ಲ ಒಂದೇ ಮಾತು: ಹಗಲಲ್ಲೇ ಮನೆಗೆ ನುಗ್ಗಿದೆಯೆಂದರೆ ಆ ನರಿಗೆ ಹುಚ್ಚು ಹಿಡಿದಿದೆ. ನಮ್ಮ ಹಿತ್ತಲ ಹಿಂದಿರುವ ಹಳೆಯ ಚರಂಡಿಯಲ್ಲಿ ಅದು ಮೂರು ಮರಿ ಹಾಕಿತ್ತು. ಪಂಚರು ಬೋನಿಟ್ಟು ಅದನ್ನು ಹಿಡಿದೊಯ್ಯಲು ನಿಶ್ಚಯಿಸಿದರು. ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ನರಿ ಎಷ್ಟು ಹೊತ್ತಿಗೆ ಬಂತೆಂದು. ಅಷ್ಟಕ್ಕೆ ಮಾತ್ರ ಉತ್ತರ ಕೊಟ್ಟೆ. ಆಮೇಲೆ ಅನ್ನ ಸೇರಲಿಲ್ಲ. ಎದ್ದು ಬೂದಿಯ ಕೋಣೆಗೆ, ಅಲ್ಲಿಂದ ಹಿತ್ತಲ ಕದಕ್ಕೆ, ಮತ್ತೆ ಬೂದಿಯ ಕೋಣೆಗೆ ತಿರುಗುತ್ತಿದ್ದೆ.

ನಾಲ್ಕನೆಯ ದಿನ ಚಿಗವ್ವ ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು: “ಮಾನಂದಾ, ಅದು ತಾನಾಗಿ ಬಂದಿಲ್ಲ. ನಾವ ಕರದೇವಿ. ನೀ ಹೇಳತೀಯೋ, ನಾ ಹೇಳಲೋ?”

“ಹೇಳಿದ್ರ ಬೂದೀನ ಒಯ್ತಾರ, ಚಿಗವ್ವ.”

“ಒಯ್ದರ ಒಯ್ಯಲಿ. ಮೂರು ಮರಿ ಅದಾವ ಅಲ್ಲಿ.”

ಮರುದಿನ ಬೆಳಿಗ್ಗೆ ಬೋನು ಬಂತು. ಹತ್ತಾರು ಜನ ಚರಂಡಿಯ ಸುತ್ತ ನೆರೆದಿದ್ದರು. ಪಂಚರಲ್ಲಿ ಹಿರಿಯರಾದ ದಾವಲಸಾಬರ ಮುಂದೆ ನಿಂತು, ಎಲ್ಲರೂ ಕೇಳುವಂತೆ, ಚಿಲಕದಿಂದ ಮೀನಿನ ತಲೆಯವರೆಗೆ ಎಲ್ಲವನ್ನೂ ಹೇಳಿದೆ.

“ಇಷ್ಟ್ ದಿನ ಯಾಕ ಸುಮ್ನಿದ್ರಿ, ಅಕ್ಕಾರ?”

“ಅಂಜಿಕಿರೀ.”

ಅವರು ಬೈಯಲಿಲ್ಲ. “ಊಟದ ಆಸೆಗೆ ಬಂದದ್ದಂದ್ರ ಹುಚ್ಚಂತ ಹ್ಯಾಂಗ ಅನ್ನೋದು? ಅದನ್ನೂ ಹತ್ತು ದಿನ ದೂರದಿಂದ ನೋಡೂಣು,” ಎಂದು ಬೋನು ಎತ್ತಿಸಿದರು. ಬೂದಿಯನ್ನು ನನ್ನಲ್ಲೇ ಬಿಟ್ಟರು, ಆದರೆ ಪಡಸಾಲೆಯ ಕದಕ್ಕೆ ಒಂದು ವರ್ಷ ಅವರದೇ ಬೀಗ. ಪಕ್ಕದ ಮನೆಯ ಸರ್ವಮಂಗಳಾ ಅಂದಿನಿಂದ ನನ್ನ ಮುಖ ನೋಡುತ್ತಿಲ್ಲ.

ಆದರೆ ಅಷ್ಟು ಜನರ ಗದ್ದಲಕ್ಕೆ ನರಿ ಹೆದರಿತ್ತು. ಮಾರನೆಯ ದಿನ ಚರಂಡಿ ಬರಿದಾಗಿತ್ತು. ನಿನ್ನೆ ಕೆರೆಯ ಆಚೆ ದಂಡೆಯಲ್ಲಿ ದಾವಲಸಾಬರಿಗೆ ಅದು ಕಂಡಿತಂತೆ, ಗಟ್ಟಿಮುಟ್ಟಾಗಿದೆಯಂತೆ. ಜೊತೆಗೆ ಎರಡು ಮರಿಗಳಿದ್ದವಂತೆ. ಮೂರನೆಯದರ ಸುದ್ದಿ ಯಾರಿಗೂ ಗೊತ್ತಿಲ್ಲ. ನಾನು ಮೊದಲ ದಿನವೇ ಬಾಯಿ ಬಿಟ್ಟಿದ್ದರೆ ಚರಂಡಿಯ ಹತ್ತಿರ ಯಾರೂ ಹೋಗುತ್ತಿರಲಿಲ್ಲ.

ಇವತ್ತು ಒಂಬತ್ತನೆಯ ದಿನ. ಬೂದಿ ತಿನ್ನುತ್ತಿದ್ದಾನೆ, ನೀರು ಕುಡಿಯುತ್ತಿದ್ದಾನೆ. ಚಿಗವ್ವನ ಗಾಯ ಮಾಯುತ್ತಿದೆ, ಇನ್ನೊಂದು ಚುಚ್ಚುಮದ್ದು ಬಾಕಿ. ಆದರೂ ಅವನು ಆಕಳಿಸಿದರೆ ಬಾಯಿಂದ ಜೊಲ್ಲು ಇಳಿಯುತ್ತಿದೆಯೇ ಎಂದು ಬಗ್ಗಿ ನೋಡುತ್ತೇನೆ.

ನಿಮ್ಮಲ್ಲಿ ಒಂದು ಕೋರಿಕೆ. ಮಡಿಲಲ್ಲಿರುವ ಆ ಕಂದು ಬೆಕ್ಕಿಗೆ ಚುಚ್ಚುಮದ್ದು ಹಾಕಿಸಿ, ಊಟ ಮನೆಯೊಳಗೇ ಇಡಿ, ಕತ್ತಲಾಗುವ ಮೊದಲು ಒಳಗೆ ಕರೆಯಿರಿ. ಅದು ಅಳುತ್ತದೆ, ನಿಮ್ಮನ್ನು ಕ್ರೂರಿಗಳಂತೆ ನೋಡುತ್ತದೆ. ಸಹಿಸಿಕೊಳ್ಳಿ.

ಈ ಪತ್ರವನ್ನು ನಾಳೆ, ಹತ್ತು ದಿನ ಮುಗಿದ ಮೇಲೆ, ಸಮಾಧಾನವಾಗಿ ಬರೆಯಬಹುದಿತ್ತು. ಆದರೆ ಬೂದಿಗೆ ಏನೂ ಆಗಿಲ್ಲವೆಂದು ಖಾತ್ರಿಯಾದರೆ ನಾನು ಇಷ್ಟನ್ನು ಒಪ್ಪಿಕೊಳ್ಳುತ್ತೇನೆಂಬ ನಂಬಿಕೆ ನನಗಿಲ್ಲ.

ನಿಮ್ಮ
ಮಹಾನಂದಾ