ಬೇವಿನ ಗಿಡಕ್ಕೆ ಬಾರಿಸಿದ ಗಂಟೆ

ಬೆಟಗೇರಿ
೨೫ ನವೆಂಬರ್ ೧೯೫೬, ರವಿವಾರ

ಪ್ರೀತಿಯ ದೇವವ್ವಗೆ,

ಮುಂಡರಗಿಯ ನಿನ್ನ ತವರಿನಲ್ಲಿ ಅತ್ತೆಯವರ ಕೆಮ್ಮು ಇಳಿಯಿತೇ? ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಅವರ ಹಾಸಿಗೆಯ ಬಳಿ ಕುಳಿತೇ ದಿನ ಕಳೆಯುತ್ತಿದ್ದೀಯೋ? ನನ್ನ ಮೊಣಕಾಲು ನೋವು ಹಾಗೇ ಇದೆ. ಪಕ್ಕದ ಮನೆಯ ಮಾಸುಮಬಿ ದಿನವೂ ಒಂದಿಷ್ಟು ಪಲ್ಯ ಕೊಟ್ಟು ಹೋಗುತ್ತಾಳೆ. ಮಗಳು ಕರೆವ್ವ ರೊಟ್ಟಿ ಬಡಿದು ಹಾಕುತ್ತಾಳೆ, ಆದರೆ ನನ್ನ ಜೊತೆ ಮಾತಾಡುವುದಿಲ್ಲ. ಅದನ್ನೇ ಬರೆಯಲು ಕುಳಿತೆ.

ಅವಳಿಗೆ ಶಿರಹಟ್ಟಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರಾಗಿ ಕಲಿಸಲು ಹುಕುಂ ಬಂದದ್ದು ನಿನಗೆ ಗೊತ್ತೇ ಇದೆ. ಡಿಸೆಂಬರ್ ಮೂರಕ್ಕೆ ಹಾಜರಾಗಬೇಕು, ಇಲ್ಲವಾದರೆ ಆ ಜಾಗ ಬೇರೆಯವರಿಗೆ ಹೋಗುತ್ತದೆ. ಈಗ ಅವಳು ಹೋಗುವುದೇ ಇಲ್ಲ ಎಂದು ಕುಳಿತಿದ್ದಾಳೆ. ಎಲ್ಲಕ್ಕೂ ಕಾರಣ ಒಂದು ಹಾಳು ಆಟ.

ರಾಜ್ಯ ಒಂದಾದ ಸಂಭ್ರಮಕ್ಕೆ ವಾಚನಾಲಯದವರು ಹೋದ ರವಿವಾರ ಪ್ರಶ್ನೋತ್ತರದ ಪಂದ್ಯ ಇಟ್ಟಿದ್ದರು. ಪ್ರಶ್ನೆ, ಉತ್ತರ, ನಿಯಮ ಎಲ್ಲ ಮೈಸೂರಿನ ಕಡೆಯಿಂದ ಅಚ್ಚಾಗಿ ಬಂದದ್ದು. ಎಂಥ ನಿಯಮ ಅಂತೀ! ಮೊದಲು ಎದ್ದವರಿಗೇ ಅವಕಾಶ, ವಿಚಾರ ಮಾಡಿ ಏಳುವವರಿಗೆ ಏನೂ ಇಲ್ಲ. ಉತ್ತರ ಒಂದೇ ಶಬ್ದದಲ್ಲಿರಬೇಕು. ಲಕೋಟೆಯೊಳಗಿನ ಉತ್ತರಕ್ಕೆ ಹೊಂದದಿದ್ದರೆ ಗಂಟೆ, ಗಂಟೆಯಾದರೆ ಕೆಳಗಿಳಿ. ದರ್ಜಿ ಖಾಜಾಸಾಬ ಪಾಪ, "ಅದು ಹ್ಯಾಂಗಂದ್ರ" ಎಂದು ಶುರು ಮಾಡುವಷ್ಟರಲ್ಲೇ ಗಂಟೆಯಾಯಿತು, ಗೊತ್ತಿದ್ದ ಉತ್ತರ ಹೊಟ್ಟೆಯಲ್ಲೇ ಉಳಿಯಿತು. ಮೂವತ್ತು ವರ್ಷ ಶಾಲೆ ಕಲಿಸಿದೆ ನಾನು. ತಪ್ಪು ಹೇಳಿದವರನ್ನೂ ಯಾಕೆ ಹಾಗೆಂದೆ ಎಂದು ಕೇಳುತ್ತಿದ್ದೆ. ಅಲ್ಲಿ ಯಾಕೆ ಎನ್ನುವುದಕ್ಕೇ ಜಾಗವಿರಲಿಲ್ಲ.

ನಮ್ಮ ಕರೆವ್ವ ಕೊನೆಯ ಪ್ರಶ್ನೆಯವರೆಗೆ ಬಂದಳು. ಬೇವು ಯಾವುದು: ಗಿಡವೋ, ಮರವೋ, ಬಳ್ಳಿಯೋ? ಅವಳು ಥಟ್ಟನೆ ಗಿಡ ಎಂದಳು. ಲಕೋಟೆಯಲ್ಲಿ ಮರ ಎಂದಿತ್ತು. ಗಂಟೆಯಾಯಿತು. ಅವಳು ಇಳಿಯಲಿಲ್ಲ. "ನಮ್ಮ ಬಾಗಲ ಮುಂದ ಇರೂದು ಬೇವಿನ ಗಿಡಾರೀ. ಮರದಾಗ ನಾವು ಜ್ವಾಳಾ ಹಸನ ಮಾಡತೀವಿ" ಎಂದಳು. ಕಾಳು ಕೇರುವ ಮರವೊಂದನ್ನು ಬಿಟ್ಟರೆ ನಮ್ಮ ಓಣಿಯಲ್ಲಿ ಮರ ಎಂಬ ಮಾತು ಯಾರ ಬಾಯಲ್ಲಿದೆ ಹೇಳು. ವಿವರಣೆ ಕೊಟ್ಟಳೆಂದು ಮತ್ತೊಮ್ಮೆ ಗಂಟೆ. ಹಿಂದಿನಿಂದ ಯಾವನೋ "ಅಕ್ಕೋರಿಗೇ ಕನ್ನಡಾ ಬರೂದಿಲ್ಲಲೇ" ಎಂದ. ಸಭೆಯೆಲ್ಲ ನಕ್ಕಿತು.

ಮನೆಗೆ ಬಂದು ಒಂದೇ ಮಾತು ಕೇಳಿದಳು: "ನಾಳಿ ಸಾಲ್ಯಾಗ ಹುಡುಗ್ಯಾರು ಗಿಡ ಅಂದ್ರ ನಾನೂ ತಪ್ಪು ಹಾಕಬೇಕೇನು?" ಒಂದಾಗಬೇಕೆಂದು ಮೆರವಣಿಗೆಯಲ್ಲಿ ಕೂಗಿದವರು ನಾವೇ, ಈಗ ಬೇಡ ಎನ್ನುತ್ತಿಲ್ಲ. ಅವರ ಮರ ಅವರಿಗಿರಲಿ, ನಮ್ಮ ಗಿಡ ನಮಗಿರಲಿ, ಎರಡನ್ನೂ ಸರಿ ಎಂದಿದ್ದರೆ ಯಾರ ಗಂಟು ಹೋಗುತ್ತಿತ್ತು? ಸಾಕಾಗಿದೆ ದೇವವ್ವ, ಖರೇನೇ ಸಾಕಾಗಿದೆ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮೈ ಕಡೆಗೂ ಲಕ್ಷ್ಯವಿರಲಿ.

ನಿನ್ನ
ಪುಂಡಲೀಕಪ್ಪ

ತಾ.ಕ.: ಮಡಚಿದ ಪತ್ರ ಮತ್ತೆ ಬಿಚ್ಚಿದ್ದೇನೆ. ಆ ದಿನ ಗಂಟೆ ಹಿಡಿದು ಕುಳಿತವನು ನಾನೇ. ಹಿರಿಯ ಮಾಸ್ತರರೆಂದು ನನ್ನನ್ನೇ ಕೂಡಿಸಿದ್ದರು. ಮಗಳ ಪಕ್ಷ ವಹಿಸಿದ ಎಂದು ಮಂದಿ ಆಡಿಕೊಂಡಾರೆಂದು ಅಂಜಿ ಎರಡು ಸಲವೂ ಬಾರಿಸಿದೆ. ನಿನ್ನೆ ಅಡಿಗೆಮನೆಯಲ್ಲಿ ಅವಳ ಮುಂದೆ ತಪ್ಪಾಯಿತು ಎಂದೆ. "ಮಂದ್ಯಾಗ ಬಾರಿಸಿದಿ, ಒಳಗ ಬಂದು ತಪ್ಪಾತು ಅಂತಿ" ಎಂದಳು. ಇವತ್ತು ಸಂಜೆ ವಾಚನಾಲಯದಲ್ಲಿ ಬಹುಮಾನ ಹಂಚುತ್ತಾರೆ, ಅದೇ ಮಂದಿ ಇರುತ್ತಾರೆ. ಅವರೆದುರು ಎದ್ದು ನಿಂತು ಹೇಳುತ್ತೇನೆ. ನೀನೂ ಬಾ ಎಂದು ಅವಳನ್ನು ಕರೆದೆ. ಅವಳು ನಾನು ತಲೆಗೆ ಸುತ್ತುವ ಒಗೆದ ರುಮಾಲು ತಂದು ನನ್ನ ಪಕ್ಕದಲ್ಲಿಟ್ಟು ತಲೆ ಬಾಚಿಕೊಳ್ಳಲು ಹೋದಳು.