ಗೋಲ್‌ಕೀಪರ್ ಸೊಸೆಗೆ ಇಸ್ತ್ರಿ ಅಂಗಡಿಯಿಂದ

ಇಸ್ತ್ರಿ ಅಂಗಡಿ,
ಮಂಗಳವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನದ ಬಿಡುವಿನಲ್ಲಿ

ನನ್ನ ಗೋಲ್‌ಕೀಪರ್ ಸೊಸೆಗೆ, ನಿನ್ನ ಅತ್ತೆಯ ಪ್ರೀತಿಯ ಆಶೀರ್ವಾದಗಳು.

ಮೊದಲು ಆ ಎಡಭುಜ ಹೇಗಿದೆ, ಅದನ್ನು ಹೇಳು. ಊದಿದ್ದು ಇಳಿಯಿತೇ? ಆ ಮಗ್ಗುಲಿಗೆ ಮಲಗಬೇಡ ಎಂದಿದ್ದೆ, ಅದೇ ಮಗ್ಗುಲಿಗೆ ಮಲಗಿರುತ್ತೀಯ, ನನಗೆ ಗೊತ್ತು. ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ? ರಾಜ್ಯದ ಫುಟ್‌ಬಾಲ್ ತಂಡಕ್ಕೆ ಆರಿಸುವ ಆ ಕ್ಯಾಂಪಿನಲ್ಲಿ ತೂಕ ಮಾಡಿ ಬಡಿಸುತ್ತಾರೆ ಎಂದೆಯಲ್ಲ, ಅದನ್ನು ಕೇಳಿದಾಗಿನಿಂದ ನನಗೆ ಇಲ್ಲಿ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಇಡೀ ದಿನ ನೆಲಕ್ಕೆ ಬಿದ್ದು ಏಳುವವಳಿಗೆ ತಕ್ಕಡಿ ಹಿಡಿದು ಬಡಿಸುವುದೆಂದರೇನು! ಎರಡನೆಯ ಸಲ ಕೇಳಿ ಹಾಕಿಸಿಕೋ, ನಾಚಿಕೆ ಬೇಡ. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕುಡಿಸುವುದಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಮಗಳು, ನಮ್ಮ ಕಾಳುಮೆಣಸು, ನೀನು ಬಿಟ್ಟು ಹೋದ ಹಳೆಯ ಗ್ಲೌಸ್ ಹಾಕಿಕೊಂಡೇ ಊಟಕ್ಕೆ ಕೂರುತ್ತಾಳೆ. ನಾನು ತುತ್ತು ಎತ್ತಿದರೆ ಸಾಕು, ಎರಡೂ ಕೈ ಚಾಚಿ ತಡೆದು, "ಗೋಲ್ ಆಗ್ಲಿಲ್ಲ ಅಜ್ಜೀ!" ಎಂದು ಕೂಗುತ್ತಾಳೆ. ಮೂರು ವರ್ಷದ ಹುಡುಗಿಗೆ ಒಂದು ಬಟ್ಟಲು ಅನ್ನ ತಿನ್ನಿಸಬೇಕಾದರೆ ನಾನೀಗ ಬಲಕ್ಕೆ ತೋರಿಸಿ ಎಡಕ್ಕೆ ನುಗ್ಗಬೇಕು. ನಿನ್ನ ಗಂಡ, ಅಂದರೆ ನನ್ನ ಸುಪುತ್ರ, ಬೆಳಿಗ್ಗೆ ಫ್ರಿಜ್ಜು ರಿಪೇರಿಗೆ ಹೊರಡುವ ಮೊದಲು ಅವಳಿಗೆ ಜಡೆ ಹಾಕುತ್ತಾನೆ. ಮೂರು ವೈರು ಹೆಣೆದ ಹಾಗೆ ಬಿಗಿಯಾಗಿ ಹೆಣೆದು ತುದಿಗೆ ಕರೀ ಟೇಪು ಸುತ್ತುತ್ತಾನೆ. ಟೇಪು ಬಿಡಿಸುವಾಗ ಅವಳ ಕಿರುಚಾಟ ಇಡೀ ಬೀದಿಗೆ ಕೇಳುತ್ತದೆ, ಆದರೆ ಜಡೆ ಮಾತ್ರ ಸಂಜೆಯವರೆಗೆ ಅಲುಗುವುದಿಲ್ಲ. ಅಮ್ಮ ಎಲ್ಲಿ ಎಂದು ದಿನಕ್ಕೊಮ್ಮೆ ಕೇಳುತ್ತಾಳೆ. ಚೆಂಡು ಹಿಡಿಯಲು ಹೋಗಿದ್ದಾಳೆ ಎಂದರೆ, "ಇನ್ನೂ ಸಿಕ್ಕಿಲ್ವಾ?" ಎನ್ನುತ್ತಾಳೆ. ಅಷ್ಟೇ, ಆಮೇಲೆ ಆಟಕ್ಕೆ ಓಡುತ್ತಾಳೆ. ಆದ್ದರಿಂದ ಮಗುವಿನ ನೆಪ ಹೇಳಿಕೊಂಡು ಬಸ್ಸು ಹತ್ತಬೇಡ.

ಹೌದು, ಭಾನುವಾರದ ಫೋನಿನ ವಿಷಯಕ್ಕೇ ಬರುತ್ತಿದ್ದೇನೆ. ವಾರಕ್ಕೆ ಹತ್ತೇ ನಿಮಿಷ ನಿಮ್ಮ ಕೈಗೆ ಫೋನು ಕೊಡುತ್ತಾರೆ, ಅದರಲ್ಲಿ ನಾಲ್ಕು ನಿಮಿಷ ನೀನು ಅಳುತ್ತಲೇ ಕಳೆದೆ. "ಶನಿವಾರದ ಬಸ್ಸಿಗೆ ಬಂದ್ಬಿಡ್ತೀನಿ ಅತ್ತೆ. ಮೂರು ಜನ ಕೀಪರ್ ಇದ್ದೀವಿ, ಇಬ್ಬರನ್ನ ಇಟ್ಕೊಳ್ತಾರೆ. ಹೋದ ವರ್ಷ ನನ್ನ ಬಿಟ್ಟ ಹಾಗೆ ಈ ವರ್ಷವೂ ಬಿಡ್ತಾರೆ. ಸೋಮವಾರ ಎಲ್ಲರ ಮುಂದೆ ಪಟ್ಟಿ ಓದ್ತಾರಂತೆ, ಅಲ್ಲಿ ನಿಂತು ಕೇಳೋ ಶಕ್ತಿ ನನಗಿಲ್ಲ." ಇದು ನಿನ್ನ ಮಾತು. ಪಟ್ಟಿಗೂ ಮೊದಲೇ ಕ್ಯಾಂಪು ಬಿಟ್ಟವರ ಹೆಸರು ಹೊಡೆದುಹಾಕುತ್ತಾರೆ ಎನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ಆದರೂ ನಾನು ಏನೆಂದೆ? "ಸರಿ ಸರಿ, ಆರೋಗ್ಯ ನೋಡ್ಕೋ" ಎಂದು ಫೋನಿಟ್ಟೆ. ಈ ಬೀದಿಯಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ, ಆ ಹೊತ್ತಿಗೆ ನಾಲಿಗೆಯೇ ಹೊರಳಲಿಲ್ಲ. ಇನ್ನು ನಿನ್ನ ಕೈಗೆ ಫೋನು ಸಿಗುವುದು ಮುಂದಿನ ಭಾನುವಾರ. ಅಷ್ಟರಲ್ಲಿ ನೀನು ಬಸ್ಸಿಳಿದು ಇಲ್ಲಿ ಬಾಗಿಲಲ್ಲಿ ನಿಂತಿರುತ್ತೀಯ. ಅದಕ್ಕೇ ಕಾಗದ. ಪಾರ್ಸೆಲ್ ವ್ಯಾನಿನವನು ಗುರುವಾರ ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾನೆ. ಪೂರ್ತಿ ಓದು, ನಡುವೆ ಮಡಚಿಡಬೇಡ.

ಈಗ ನಗುವ ವಿಷಯ ಕೇಳು. ಮೂಲೆಮನೆಯ ರಿಟೈರಾದ ಮೇಷ್ಟ್ರು ಇದ್ದಾರಲ್ಲ, ನೀನು ಟ್ರ್ಯಾಕ್‌ಪ್ಯಾಂಟು ಹಾಕಿಕೊಂಡು ಪ್ರಾಕ್ಟೀಸಿಗೆ ಹೋದಾಗಲೆಲ್ಲ ಅಂಗಡಿಗೆ ಬಂದು, "ಸೊಸೇನ ಹಿಂಗೆ ಬಿಟ್ರೆ ಹೇಗಮ್ಮಾ? ಹೆಣ್ಮಕ್ಕಳು ಮಣ್ಣಲ್ಲಿ ಬಿದ್ದು ಹೊರಳೋದು ನೋಡೋಕೆ ಚೆಂದಾನಾ?" ಎನ್ನುತ್ತಿದ್ದವರು, ಅವರ ಕಥೆ. ಶನಿವಾರ ನಿಮ್ಮ ಟೀಮಿನ ಹೊಸ ಜೆರ್ಸಿಗಳು ಇಸ್ತ್ರಿಗೆ ಬಂದವು. ನಿಮಗೀಗ ಗಂಡಸರು ಬಿಸಾಕಿದ ಹಳೆಯ ಜೆರ್ಸಿ ಇಲ್ಲ ಕಣೇ. ಔಷಧಿ ಅಂಗಡಿಯವರು ನಿಮ್ಮ ಅಳತೆಗೇ ಹೊಲಿಸಿ ಕೊಟ್ಟಿದ್ದಾರೆ. ಬೆನ್ನಿಗೆ ದೊಡ್ಡ ನಂಬರು, ಎದೆಗೆ ಅಂಗೈಯಗಲದ ಚಿಕ್ಕ ನಂಬರು, ಎಲ್ಲ ರಬ್ಬರಿನದು. ರಬ್ಬರಿನ ಅಚ್ಚು ಇರುವ ಬಟ್ಟೆಯನ್ನು ಒಳಮಗ್ಗುಲು ತಿರುವಿ ಇಸ್ತ್ರಿ ಮಾಡಬೇಕು ಎನ್ನುವುದು ನಮ್ಮ ಕಸುಬಿನ ಅ ಆ ಇ ಈ. ನಾನೂ ತಿರುವಿ ತಿರುವಿಯೇ ಮಾಡುತ್ತಿದ್ದೆ. ಆದರೆ ಎದುರಿನ ಸಲೂನಿನ ಟೀವಿಯಲ್ಲಿ ಹೆಂಗಸರ ಮ್ಯಾಚು ನಡೆಯುತ್ತಿತ್ತು. ಹೆಂಗಸರ ಆಟ ಹಾಕಿದರೆ ಗಿರಾಕಿ ಎದ್ದು ಹೋಗುತ್ತಾರೆ ಎಂದು ಗೊಣಗುತ್ತಿದ್ದ ಅದೇ ಕ್ಷೌರದವನು ಈಗ ಬೇರೆ ಏನನ್ನೂ ಹಾಕುವುದಿಲ್ಲ. ಗಿರಾಕಿಗಳೂ ಗಡ್ಡ ಮುಗಿದು ಅರ್ಧ ಗಂಟೆಯಾದರೂ ಕುರ್ಚಿ ಬಿಡುವುದಿಲ್ಲ. ಯಾರೋ ಪೆನಾಲ್ಟಿ ಒದೆಯಲು ಬಂದಳು, ಕೀಪರ್ ಹುಡುಗಿ ನೀನು ಅಂಗಳದಲ್ಲಿ ಮಗುವಿಗೆ ತೋರಿಸುವ ಹಾಗೆಯೇ ಮಂಡಿ ಬಗ್ಗಿಸಿ ನಿಂತಳು, ತಿರುವಲು ಮರೆತ ಜೆರ್ಸಿಯ ಎದೆಯ ಮೇಲೇ ನನ್ನ ಕೈಯೂ ನಿಂತಿತು. ಅವಳು ಹಾರಿ ಹಿಡಿದಳು. "ಹಿಡಿದ್ಲು!" ಎಂದು ಕೂಗಿ, ಬಗ್ಗಿ ಕೂಡ ನೋಡದೆ ಮುಂದಿನ ಬಟ್ಟೆ ಎಳೆದು ಒತ್ತಿದೆ. ಆ ಮುಂದಿನ ಬಟ್ಟೆ ಮೇಷ್ಟ್ರ ಬಿಳಿ ಅಂಗಿ.

ಭಾನುವಾರ ಮಧ್ಯಾಹ್ನ ಜೆರ್ಸಿಗಳನ್ನು ಎಣಿಸಿ ಕೊಡುವಾಗ ನೋಡುತ್ತೇನೆ, ಒಂದರ ಎದೆಯ ಮೇಲಿನ ಏಳು ಮಾಯ. ಇಸ್ತ್ರಿಪೆಟ್ಟಿಗೆ ತಿರುಗಿಸಿದರೆ ತಳದಲ್ಲಿ ಕೆಂಪು ಕರೆ. ಮೇಷ್ಟ್ರು ಆಗಲೇ ಅಂಗಿ ಒಯ್ದು ತೊಟ್ಟುಕೊಂಡು ಹೊರಟಾಗಿತ್ತು. ಎಲ್ಲಿಗೆ? ಮೈದಾನಕ್ಕೆ! ಮೈಕಿನ ಗಲಾಟೆ ಕಡಿಮೆ ಮಾಡಿ ಎಂದು ಬೈದು ಬರಲು. ಅಂಗಡಿಗೆ ಬೀಗ ಹಾಕಿ, ಕಾಳುಮೆಣಸನ್ನು ಸೊಂಟಕ್ಕೇರಿಸಿ, ಮಗನ ಒಂದು ಅಂಗಿ ಹಿಡಿದು ಓಡಿದೆ. ನೀನು ಆರು ವರ್ಷದಿಂದ ಆಡುತ್ತಿರುವ ಮೈದಾನಕ್ಕೆ ನಿನ್ನ ಅತ್ತೆ ಮೊದಲ ಸಲ ಕಾಲಿಟ್ಟಿದ್ದು ಹೀಗೆ, ಕಳ್ಳಿಯ ಹಾಗೆ.

ಅಯ್ಯೋ, ಏನು ಜನ ಅಂತೀಯ! ಮೊದಲು ನಿಮ್ಮ ಮ್ಯಾಚಿಗೆ ಹದಿನೈದು ಜನ, ಒಂದು ನಾಯಿ ಎಂದು ನಗುತ್ತಿದ್ದೆಯಲ್ಲ, ಈಗ ಮೆಟ್ಟಿಲಲ್ಲಿ ಕಾಲಿಡಲು ಜಾಗವಿಲ್ಲ. ಶಾಲೆಯ ಹುಡುಗಿಯರು ಕೆನ್ನೆಗೆ ಬಣ್ಣ ಬಳಿದುಕೊಂಡು ಬಂದಿದ್ದರು. ಕ್ಷೌರದವನು ಅಂಗಡಿ ಮುಚ್ಚಿ ಮುಂದಿನ ಸಾಲಿನಲ್ಲಿದ್ದ. ಅವರ ನಡುವೆ ನಮ್ಮ ಮೇಷ್ಟ್ರು, ಬೆನ್ನಿನ ಮೇಲೆ ಅಚ್ಚುಕಟ್ಟಾಗಿ ಕೆಂಪು ಏಳು. ಹುಡುಗಿಯರೆಲ್ಲ, "ಸೆವೆನ್ ಅಜ್ಜ! ಸೆವೆನ್ ಅಜ್ಜ!" ಎಂದು ಚಪ್ಪಾಳೆ ತಟ್ಟುತ್ತಿದ್ದಾರೆ. ಏಳನೇ ನಂಬರಿನ ಹುಡುಗಿ ಎರಡು ಗೋಲು ಹೊಡೆದಳು ನೋಡು, ಎರಡು ಸಲವೂ ಓಡಿ ಬಂದು ಮೇಷ್ಟ್ರ ಕೈ ಕುಲುಕಿದಳು. ತಮಗೇಕೆ ಈ ಮರ್ಯಾದೆ ಎಂದು ಅವರಿಗೆ ತಿಳಿಯದು. ಆದರೂ ಮುಖ ಅರಳಿತ್ತು. ನಾನು ಪಕ್ಕ ಹೋಗಿ ಪಿಸುಗುಟ್ಟಿ ತಪ್ಪೊಪ್ಪಿಕೊಂಡು ಮಗನ ಅಂಗಿ ಮುಂದೆ ಹಿಡಿದೆ. ಅವರು ಬೆನ್ನು ಮುಟ್ಟಿ ನೋಡಿಕೊಂಡು, "ಈಗ ಬೇಡಮ್ಮಾ, ಆಟ ಮುಗೀಲಿ" ಎಂದರು. ನಿನ್ನೆ ಆ ಅಂಗಿ ಒಗೆಸಿ ಇಸ್ತ್ರಿಗೆ ತಂದಿದ್ದಾರೆ. "ನಂಬರು ಹೋಗದ ಹಾಗೆ ಮಾಡು, ಒಳಮಗ್ಗುಲು ತಿರುವಿ ಮಾಡು" ಎಂದು ನನಗೇ ಪಾಠ ಹೇಳಿ ಹೋದರು.

ಆಟ ಸೋತೆವು, ಮೂರು ಎರಡು. ನಿನ್ನ ಬದಲಿಗೆ ನಿಂತವಳು ಬ್ಯಾಂಕಿನ ಕ್ಯಾಷಿಯರ್. ಕೌಂಟರಿನಲ್ಲಿ ಒಂದು ಕಾಸೂ ಬಿಡದ ಹುಡುಗಿ ಇಲ್ಲಿ ಮೂರು ಬಿಟ್ಟಳು. ಪಾಪ, ಅವಳ ತಪ್ಪಲ್ಲ, ಎರಡನೆಯದು ಯಾರಿಗೂ ಸಿಗುವಂಥದಲ್ಲ. ಆದರೆ ಮೂರನೆಯದು ಒಳಗೆ ಹೋದಾಗ ಹಿಂದಿನಿಂದ ಯಾರೋ, "ಇಸ್ತ್ರಿ ಅಂಗಡಿ ಸೊಸೆ ಇದ್ದಿದ್ರೆ ಇದು ಹೋಗ್ತಿರ್ಲಿಲ್ಲ" ಎಂದರು. ನನಗೆ ಪರಿಚಯವೇ ಇಲ್ಲದ ಗಂಡಸು! ಕ್ಷೌರದವನು ತಿರುಗಿ ನನ್ನನ್ನು ತೋರಿಸಿ, "ಇವ್ರೇ ಅವಳ ಅತ್ತೆ. ಇಂಥ ಅತ್ತೆ ಇದ್ರೆ ಯಾವ ಹೆಣ್ಣಾದ್ರೂ ಮುಂದೆ ಬರ್ತಾಳೆ" ಎಂದ. ಸುತ್ತಲಿದ್ದವರು ಚಪ್ಪಾಳೆ ಹೊಡೆದರು. ಪತ್ರಿಕೆಯ ಹುಡುಗಿಯೊಬ್ಬಳು ಬಂದು ಮಗುವಿನ ಸಮೇತ ನನ್ನ ಫೋಟೋ ತೆಗೆದಳು. ಸೋಮವಾರದ ನಿಮ್ಮ ಪಟ್ಟಿಯನ್ನೂ ಅವರ ಪೇಪರಿನಲ್ಲಿ ಹಾಕುತ್ತಾರಂತೆ. ನಾನು ನಕ್ಕೆ, ನಕ್ಕು ಫೋಟೋ ಹೊಡೆಸಿಕೊಂಡೆ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗಾಗಿತ್ತು ನನ್ನ ಸ್ಥಿತಿ. ಯಾಕೆ ಎಂದು ಬರೆಯಬೇಕು. ಎರಡು ದಿನದಿಂದ ಪೆನ್ನು ಹಿಡಿದು ಇಡುತ್ತಿದ್ದೇನೆ, ಕೈ ಬರುತ್ತಿಲ್ಲ.

ನೀನು ಒಳ್ಳೆಯ ಕೀಪರ್ ಕಣೇ. ಇದನ್ನು ನಾನು ಮುಖಸ್ತುತಿಗೆ ಹೇಳುತ್ತಿಲ್ಲ, ನನಗೆ ಆ ಅಭ್ಯಾಸವೇ ಇಲ್ಲ. ನಿನ್ನ ಅಡುಗೆಯನ್ನು ನಾನು ಯಾವತ್ತಾದರೂ ಹೊಗಳಿದ್ದೇನೆಯೇ? ಭಾನುವಾರ ಒಂದೂವರೆ ಗಂಟೆ ಗೋಲಿನ ಹಿಂದೆ ಕೂತು ನೋಡಿದ ಮೇಲೆ ತಿಳಿಯಿತು, ಎಲ್ಲರೂ ಓಡುವಾಗ ಒಬ್ಬಳೇ ನಿಂತು ಕಾಯುವುದು ಎಂಥ ಕಷ್ಟ ಎಂದು. ಅಷ್ಟು ಕಾಯಬಲ್ಲವಳು ಶನಿವಾರದಿಂದ ಸೋಮವಾರದವರೆಗೆ ಎರಡು ದಿನ ಕಾಯಲಾರೆಯಾ? ಮನೆಯ ಚಿಂತೆ ಬಿಡು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಇದು ನಿನ್ನ ಕಾಲ, ನಾನು ಅಡ್ಡ ನಿಲ್ಲುವುದಿಲ್ಲ.

ನಿನ್ನ ಗಂಡ ನೆನಪು ಹೇಳಿದ್ದಾನೆ, ಬೇರೆ ಕಾಗದದಲ್ಲಿ ಬರೆಯುತ್ತೇನೆ ಎಂದು ನಾಚಿಕೊಂಡಿದ್ದಾನೆ. ಕಾಳುಮೆಣಸಿನದು ಒಂದು ಮುತ್ತು, ಗ್ಲೌಸ್ ಹಾಕಿಕೊಂಡೇ ಕೊಟ್ಟಿದ್ದು. ಭುಜ ಗಟ್ಟಿಯಾಗಲಿ, ಕಣ್ಣು ಚುರುಕಾಗಿರಲಿ, ಯಾರ ಕಾಲೂ ನಿನ್ನ ಕೈಗೆ ತಾಗದಿರಲಿ.

ಇಂತಿ,
ನಿನ್ನ ಬಾಯಿಬಡುಕಿ ಅತ್ತೆ

ಮರೆತದ್ದು: ಮರೆತಿಲ್ಲ, ಸುಳ್ಳೇಕೆ. ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಈಗ ಬರೆಯದಿದ್ದರೆ ಇನ್ನು ಯಾವತ್ತೂ ಬರೆಯಲಾರೆ. ಹೋದ ವರ್ಷ ನಿನ್ನನ್ನು ಬಿಟ್ಟಿರಲಿಲ್ಲ. ಆರಿಸಿದ್ದರು. ಕಾಗದ ಅಂಗಡಿಗೇ ಬಂತು, ನಾನೇ ಒಡೆದು ಓದಿದೆ. ಹತ್ತು ದಿನದೊಳಗೆ ಒಪ್ಪಿಗೆ ಬರೆದು ಕಳಿಸಿ, ಇಲ್ಲವಾದರೆ ಮುಂದಿನವರನ್ನು ತೆಗೆದುಕೊಳ್ಳುತ್ತೇವೆ ಎಂದಿತ್ತು. ಹತ್ತು ದಿನವೂ ಬಚ್ಚಿಟ್ಟೆ. ಟ್ರಯಲ್ಸಿಗೆ ನೀನೊಬ್ಬಳೇ ಹೋಗಿದ್ದೆ, ಆಗ ಹೆಂಗಸರ ಪಟ್ಟಿಯನ್ನು ಯಾವ ಪೇಪರೂ ಹಾಕುತ್ತಿರಲಿಲ್ಲ, ಯಾರಿಗೂ ತಿಳಿಯಲಿಲ್ಲ. ಮಗು ಚಿಕ್ಕದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ಹೋದವಳು ಮತ್ತೆ ಈ ಬೀದಿಗೆ ಬರುತ್ತಾಳೋ ಇಲ್ಲವೋ ಎನ್ನುವ ಭಯ. ನನ್ನನ್ನು ಯಾರೂ ಯಾವುದಕ್ಕೂ ಆರಿಸಲಿಲ್ಲ ಎನ್ನುವ ಹೊಟ್ಟೆಕಿಚ್ಚು. ಮೂವತ್ತು ವರ್ಷದಲ್ಲಿ ಗಿರಾಕಿಯ ಜೇಬಿನಲ್ಲಿ ಸಿಕ್ಕ ಒಂದು ಗುಂಡಿಯನ್ನೂ ಇಟ್ಟುಕೊಂಡವಳಲ್ಲ ನಾನು, ನಿನ್ನ ಒಂದು ವರ್ಷವನ್ನೇ ಇಟ್ಟುಕೊಂಡೆ. ಈ ವರ್ಷ ನೀನು ಹೊರಟಾಗ ಸಂತೋಷದಿಂದಲೇ ಕಳಿಸಿದೆ, ಹೇಳಲು ಮಾತ್ರ ಧೈರ್ಯ ಬರಲಿಲ್ಲ. ಬೈಯಬೇಕಿದ್ದರೆ ಸೋಮವಾರ ಆದ ಮೇಲೆ ಬಂದು ಬೈ, ಎಷ್ಟು ಬೇಕಾದರೂ ಬೈ, ನಾನು ಎದುರಾಡುವುದಿಲ್ಲ. ಆ ಕಾಗದವನ್ನು ಇದರೊಳಗೇ ಇಟ್ಟಿದ್ದೇನೆ. ಮೊದಲು ಅದನ್ನು ಬಿಚ್ಚಿ ನೋಡು ತಾಯಿ, ಎರಡನೆಯ ಸಾಲಿನಲ್ಲಿ ನಿನ್ನ ಹೆಸರಿದೆ.