ಗರ್ಭದ ನೀರು ಮತ್ತು ದವಾಖಾನೆಯ ಕೀಲಿ

ಆರೋಗ್ಯಾಧಿಕಾರಿಗಳೇ,

ನನ್ನ ಸೊಸೆ ಬಾಳವ್ವನ ಹೊಟ್ಟೆಯೊಳಗಿನ ನೀರನ್ನು ತಮ್ಮ ಕಚೇರಿ ಕೆಡಿಸುತ್ತಿದೆ ಎಂದು ಎಲ್ಲರೆದುರು ದೂರುತ್ತಿದ್ದೇನೆ. ಶಾಸ್ತ್ರ ನನ್ನದಲ್ಲ, ತಮ್ಮದೇ.

ಕಳೆದ ಬೇಸಿಗೆಯಲ್ಲಿ ತಾವು ನಮ್ಮೂರ ಚಾವಡಿಯ ಮುಂದೆ ಬಿಳಿ ಪರದೆ ಕಟ್ಟಿಸಿ ಭಾಷಣ ಮಾಡಿದಿರಿ. ಕೂಸು ಗರ್ಭದ ನೀರಿನಲ್ಲಿ ತೇಲುತ್ತದೆ, ಆ ನೀರಿನಲ್ಲಿ ಹಾರ್ಮೋನು ಎಂಬ ರಸಗಳಿವೆ, ಬಸುರಿ ಅಂಜಿದರೆ ಅಂಜಿಕೆಯ ರಸ ಕೂಸಿಗೂ ಮುಟ್ಟಬಹುದು, ಆದ್ದರಿಂದ ಆಕೆಯನ್ನು ನಿರ್ಭಯವಾಗಿ ಇಡತಕ್ಕದ್ದು ಎಂದು ಅಪ್ಪಣೆ ಕೊಡಿಸಿದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮರುವಾರವೇ ನಮ್ಮ ಹೆರಿಗೆ ದವಾಖಾನೆಯ ನರ್ಸಬಾಯಿಯನ್ನು ವರ್ಗ ಮಾಡಿ ಬಾಗಿಲಿಗೆ ಕೀಲಿ ಜಡಿಸಿದಿರಿ. ಅಂಜಿಸಬಾರದೆಂದು ಹೇಳಿದವರೇ ಆ ಹುಕುಮಿಗೂ ಸಹಿ ಹಾಕಿದರೋ, ಅಥವಾ ಅಂಜಿಸಲು ಸರಕಾರದಲ್ಲಿ ಬೇರೆ ಖಾತೆ ಇದೆಯೋ?

ಆದರೂ ನಾವು ಹೇಳಿದ್ದು ಕೇಳುವ ಜನ. ಬಾಳವ್ವ ತಾಯಿಯಿಲ್ಲದ ಹುಡುಗಿ, ಚೊಚ್ಚಲ ಹೆರಿಗೆಗೂ ನಮ್ಮ ಮನೆಯಲ್ಲೇ ಇದ್ದಾಳೆ. ಅವಳೆದುರು ಹಾವು, ಚೇಳು, ಪೊಲೀಸರ ಹೆಸರೆತ್ತುವುದನ್ನು ಬಿಟ್ಟೆವು. ಅಷ್ಟರಲ್ಲಿ ಪಕ್ಕದ ಮನೆಯ ಕಲ್ಲವ್ವ ಹೆತ್ತಳು. ರಕ್ತ ನಿಲ್ಲಲಿಲ್ಲ. ಕೀಲಿ ಬಿದ್ದ ದವಾಖಾನೆಯ ಮುಂದಿನಿಂದಲೇ ಚಕ್ಕಡಿ ಹೊಡೆದುಕೊಂಡು ರೋಣದ ದೊಡ್ಡ ದವಾಖಾನೆಯ ಕಡೆ ಹೊರಟೆವು. ಮಳೆಗೆ ಎರೆಮಣ್ಣು ಗಾಲಿಗೆ ಮೆತ್ತಿಕೊಂಡಿತು, ದಾರಿಯಲ್ಲೇ ಅವಳ ಜೀವ ಹೋಯಿತು. ಕೂಸು ಉಳಿಯಿತು.

ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಹಾಡಿ ಹಾಡಿ ಅಳುತ್ತಾರೆ. ಅವತ್ತು ನಾನೇ ಹೋಗಿ ಕೈಮುಗಿದು ಬೇಡವೆಂದೆ. ಬಾಳವ್ವನಿಗೆ ಕೇಳಿಸಬಾರದೆಂದು ಎಲ್ಲರೂ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಕಲ್ಲವ್ವನ ತಾಯಿಯೂ ಹಾಗೇ ಅತ್ತಳು. ತಮ್ಮ ಹಾರ್ಮೋನಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಯಾವ ಊರಿನಲ್ಲಿ ಸಿಕ್ಕಿದೆ, ಹೇಳಿ.

ಕಲ್ಲವ್ವ ಯಾವಗಲ್ಲ ಊರಿನ ತನ್ನ ತವರಿಗೆ ಹೋಗಿದ್ದಾಳೆಂದು ಸೊಸೆಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಕೂಸು ಇಲ್ಲೇ ಅಳಾಕತ್ತೈತಿ. ಹಸಿ ಬಾಣಂತಿ ಕೂಸು ಬಿಟ್ಟು ತವರಿಗೆ ಹೊಕ್ಕಾಳೇನ್ರೀ, ಮಾವಾರ?"

ನಾನು ರುಮಾಲು ಬಿಚ್ಚಿ ಮತ್ತೆ ಸುತ್ತತೊಡಗಿದೆ.

"ನನಗ ಏನೂ ಹೇಳಬ್ಯಾಡ್ರಿ. ಲಗೂನ ಆ ದವಾಖಾನಿ ಕೀಲಿ ತಗಸ್ರಿ. ನಂದೂ ದಿನಾ ತುಂಬಾಕ ಬಂದಾವ."

ಆದ್ದರಿಂದ ಬೇಡಿಕೆ ಇಷ್ಟೇ: ಬಾಳವ್ವನಿಗೆ ಹೆರಿಗೆಯ ಬ್ಯಾನೆ ಬರುವ ಮೊದಲು ನರ್ಸಬಾಯಿಯನ್ನು ಕಳಿಸಿ, ಬಾಗಿಲು ತೆರೆಸಿ. ಅದು ಆಗದಿದ್ದರೆ ತಾವೇ ಬಂದು, ಅವಳೆದುರು ಕುಳಿತು, ಅಂಜಬೇಡ ತಂಗಿ ಎಂದು ಹೇಳಿ. ಅವಳು ನಂಬುವಂತೆ ಸುಳ್ಳು ಹೇಳಬಲ್ಲವರು ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ.

ಇಂತಿ,
ಸೊಸೆಯ ಕೈಗೆ ಸಿಕ್ಕಿಬಿದ್ದ ಮಾವ,
ತೋಟಪ್ಪ
ರೋಣ ತಾಲೂಕು, ಶ್ರಾವಣ, ೧೯೫೭